ಕಡಲೆಕಾಯಿ ಹೊಲದಲ್ಲಿ ಗಾಲ್ಫ್

ಕಲ್ಯಾಣದುರ್ಗದ ಬ್ಯಾಂಕಿನಲ್ಲಿದ್ದಾಗ ನಾನೂ ಜೊತೆಗಾರ ಮೂರ್ತಿಯೂ ಭಾನುವಾರ ಕಡಲೆಕಾಯಿ ಕಿತ್ತ ಹೊಲದಲ್ಲಿ ಗಾಲ್ಫ್ ಅಭ್ಯಾಸ ಮಾಡುತ್ತಿದ್ದೆವು. ಬೆಂಗಳೂರಿಂದ ತಂದ ಹಳೇ ಕೋಲು ನನ್ನದು, ಸೊಂಟ ತಿರುಗಿಸಿ ಬೀಸೋದನ್ನು ಕಲಿಸಿದವನೂ ನಾನೇ. ಆದರೆ ಅವನು ಬೀಸಿದರೆ ಚೆಂಡು ಹಾರುತ್ತಿತ್ತು, ನಾನು ಬೀಸಿದರೆ ಮಣ್ಣು. ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂದು ದಿನ, ಅಳಿದುಳಿದ ಕಾಯಿ ಆಯುತ್ತಿದ್ದ ಅಜ್ಜಿಯೊಬ್ಬಳು ಮಡಿಲಿನಿಂದ ನನ್ನ ಚೆಂಡು ತೆಗೆದುಕೊಟ್ಟಳು.

"ನಿಂದು ಇಲ್ಲೇ ಸಿಕ್ತು ಕಣಪ್ಪ. ಆ ಮೂರ್ತಿ ಸಾರುದ್ದು ಹುಡುಕಾಕೆ ಆಚೆ ಊರು ಬೆಳುಗುಪ್ಪಕ್ಕೇ ಹೋಗ್ಬೇಕು."

"ಕೋಲು ಸರಿಯಿಲ್ಲಜ್ಜಿ," ಅಂದೆ.

"ಆ ಸಾರೂ ಅದೇ ಕೋಲಾಗೆ ಹೊಡೆದ್ರಲ್ಲ ನಾಯ್ನಾ! ನೀನು ಚೆಂಡು ನೋಡಲ್ಲ, ಅವ್ರ ಮಕಾನೇ ನೋಡ್ತೀಯ."

ಮುಂದಿನ ಭಾನುವಾರ ಮೂರ್ತಿಗೆ ಹೇಳದೆ ಒಬ್ಬನೇ ಹೋದೆ. ಚೆಂಡನ್ನೇ ನೋಡಿ ಹೊಡೆದೆ. ನೆಟ್ಟಗೆ, ಬಲು ದೂರ ಹೋಯಿತು. ಮೂರ್ತಿ ನೋಡದ ಮೇಲೆ ಅದು ಎಷ್ಟು ದೂರ ಹೋಗಿ ಏನು ಬಂತು?