ಒಗೆಯುವ ಕಲ್ಲಿನ ದಾನಪತ್ರ

ಎಂಬತ್ತರ ದಶಕದಲ್ಲಿ ಧಾರವಾಡದ ಕೋರ್ಟಿನಲ್ಲಿ ನನ್ನನ್ನು ‘ದಾನದ ವಕೀಲ’ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವಕ್ಕಿಂತ ಮರುಕವೇ ಹೆಚ್ಚು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಬಡಿದಾಡಿದರೆ ವಕೀಲನ ಮನೆ ತಲೆಮಾರುಗಟ್ಟಲೆ ನಡೆಯುತ್ತದೆ. ಶಾಲೆಗೆ ಜಾಗ ಕೊಡುವವನು, ವಾಚನಾಲಯಕ್ಕೆ ಕಪಾಟು ಕೊಡುವವನು ಒಂದೇ ಸಲ ಬಂದು, ಸಹಿ ಹಾಕಿ, ಚಹಾ ಕುಡಿದು ಹೋಗಿಬಿಡುತ್ತಾನೆ. ಆದರೂ ನನಗೆ ಆ ಕೆಲಸವೇ ಹಿಡಿಸಿತ್ತು. ಕೊಡುವ ಮನುಷ್ಯನ ಮುಖ ನೋಡುವುದು ಚೆಂದ. ಕೊಟ್ಟು ಮನೆಗೆ ಹೋದ ಮೇಲೆ ಆ ಮುಖ ಏನಾಗುತ್ತದೆ ಎಂದು ನೋಡುವುದು ಇನ್ನೂ ಚೆಂದ.

ಕುಂದಗೋಳದಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಸಣ್ಣದೊಂದು ವಸ್ತುಸಂಗ್ರಹಾಲಯ ತೆರೆಯುವ ಹುರುಪಿನಲ್ಲಿದ್ದರು. ಸಂಘ ಇತ್ತು, ಅದರ ನಿಯಮಾವಳಿಯನ್ನು ನಾನೇ ಬರೆದುಕೊಟ್ಟಿದ್ದೆ. ಕೋಣೆಯೂ ಸಿಕ್ಕಿತ್ತು. ಇಡಲು ವಸ್ತುವೇ ಇರಲಿಲ್ಲ. ಅಷ್ಟರಲ್ಲಿ ಯರಗುಪ್ಪಿಯ ರೈತರೊಬ್ಬರು ಬಚ್ಚಲು ದುರಸ್ತಿ ಮಾಡಿಸುವಾಗ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದರಂತೆ. ಅಡಿಯಲ್ಲಿ ಕತ್ತಿ ಹಿಡಿದ ಯೋಧ! ಹಳೆಯ ವೀರಗಲ್ಲೊಂದು ಬೋರಲು ಬಿದ್ದಿತ್ತು. ಅದರ ಬೆನ್ನಿನ ಮೇಲೆ ಆ ಮನೆಯ ಧೋತರ, ಸೀರೆಗಳೆಲ್ಲ ಬೆಳ್ಳಗಾಗಿದ್ದವು. ರೈತರು ಅದನ್ನು ಸಂಘಕ್ಕೆ ದಾನ ಕೊಡುತ್ತೇನೆಂದರು. ಮಾಸ್ತರರು ಸರಕಾರಕ್ಕೆ ತಿಳಿಸಿ ಒಪ್ಪಿಗೆ ತರಿಸಿ, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದರು.

ರೈತರ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ನಾನು ದಾನಪತ್ರ ತೆಗೆಯುವಷ್ಟರಲ್ಲಿ ರೈತರ ಹೆಂಡತಿ ಬಂದು ಬಾಗಿಲಲ್ಲಿ ನಿಂತರು.

“ಇದು ಬರೇ ಕಲ್ಲಲ್ಲರಿ ತಾಯಿ, ನಾಡಿನ ಸಂಪತ್ತು,” ಎಂದು ಮಾಸ್ತರರು ಭಾಷಣ ಶುರುಮಾಡಿದರು.

“ಹಂಗಾರ ಇಷ್ಟ ವರ್ಷ ನಾಡಿನ ಮ್ಯಾಲೆ ಅರಿವಿ ಒಗದೀನಿ ಅನ್ರಿ,” ಎಂದರು ಆಕೆ. “ಒಯ್ರಿ, ಬ್ಯಾಡನ್ನೂದಿಲ್ಲ. ಈ ಮನಿಯಾಗ ದಾನಾ ಮಾಡೂದು ಇವರ ಕೆಲಸ, ಅರಿವಿ ಒಗಿಯೂದು ನನ್ನ ಕೆಲಸ. ನನಗ ಇಂಥಾದ್ದ ಇನ್ನೊಂದು ಕಲ್ಲ ಕೊಟ್ಟು ಒಯ್ರಿ.”

ನಾನು ಕೆಮ್ಮಿ, ಕೋರ್ಟಿನ ಧ್ವನಿ ತಂದುಕೊಂಡೆ. “ಅಕ್ಕಾರ, ಕಲ್ಲು ಕೊಟ್ಟು ಕಲ್ಲು ತಗೊಂಡ್ರ ಅದು ದಾನ ಆಗೂದಿಲ್ರಿ. ಅದಲಾಬದಲಿ ಆಗ್ತೈತಿ. ಪತ್ರದ ಹೆಸರ ಬದಲಾಗ್ತೈತಿ.”

“ಹೆಸರ ಏನರ ಇಡ್ರಿ. ನಾಳೆ ಅರಿವಿ ಎಲ್ಲಿ ಒಗೀಲಿ? ನಿಮ್ಮ ಕರೀ ಕೋಟಿನ ಮ್ಯಾಲೇನು?”

ರೈತರು ನಗು ಮುಚ್ಚಲು ಮೀಸೆ ಸವರಿಕೊಂಡರು. ಸಂಗ್ರಹಾಲಯ ಕೈತಪ್ಪುತ್ತದೆಂದು ಗಾಬರಿಯಾದ ಮಾಸ್ತರರು ಮುಂದೆ ಬಾಗಿದರು.

“ನಮ್ಮ ಹಿತ್ತಲದಾಗ ಅಗದಿ ಚಲೋ ಕಲ್ಲ ಐತ್ರಿ. ಅದನ್ನ ಕಳಸ್ತೀನಿ.”

“ಮನಿಯಾಗ ಕೇಳೀರೇನ್ರಿ?” ಎಂದರು ಆಕೆ.

ಇಡೀ ಊರಿನ ಹುಡುಗರನ್ನು ಒಂದು ನೋಟದಲ್ಲಿ ತೆಪ್ಪಗೆ ಕೂರಿಸುತ್ತಿದ್ದ ಮಾಸ್ತರರು ಮಾಳಿಗೆಯ ತೊಲೆ ನೋಡತೊಡಗಿದರು.

ಕಡೆಗೆ ಹಾದಿ ಹುಡುಕಿದವನು ನಾನೇ. ದಾನಕ್ಕೆ ಬದಲಾಗಿ ಸಂಘ ಏನೂ ಕೊಡುವಂತಿಲ್ಲ, ಅಷ್ಟೇ. ಗಂಡ ತನ್ನ ಹೆಂಡತಿಗೆ ಒಂದು ಕಲ್ಲು ತಂದುಕೊಟ್ಟರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ ಎಂದೆ. ಈಗ ರೈತರ ಮುಖ ಸಣ್ಣಗಾಯಿತು. ದಾನ ಎಂದರೆ ಹೂವಿನ ಮಾಲೆ ಎಂದುಕೊಂಡಿದ್ದರು ಪಾಪ, ಗಾಡಿ ಹೂಡುವುದು ಅವರ ಲೆಕ್ಕದಲ್ಲಿರಲಿಲ್ಲ.

ಅವರು ತಂದ ಮೊದಲ ಕಲ್ಲನ್ನು ಆಕೆ ಕೈಯಾಡಿಸಿ ನೋಡಿ, “ಇದರ ಮ್ಯಾಲೆ ಮಕ್ಕೋಬಹುದು, ಒಗ್ಯಾಕ ಬರೂದಿಲ್ಲ” ಎಂದರಂತೆ. ಎರಡನೆಯ ಸಲ ತಾವೇ ಗಾಡಿ ಹತ್ತಿ ಹೋಗಿ ಆರಿಸಿ ತಂದರು. ಆ ಕಲ್ಲು ಹಿತ್ತಲಲ್ಲಿ ಕೂತು, ಅದರ ಮೇಲೆ ಒಂದು ದಿನದ ಬಟ್ಟೆ ಒಗೆದಾದ ಮೇಲೆಯೇ ನಮಗೆ ಬುಲಾವು ಬಂತು.

ಸಹಿಯ ಹೊತ್ತಿಗೆ ಆಕೆ ಮತ್ತೆ ಬಂದರು. “ಇದರಾಗ ಯಾರ ಹೆಸರ ಬರದೀರಿ?”

“ಯಜಮಾನರದು. ಕಲ್ಲು ಅವರ ಹಿರೇರದು, ಹೌದಲ್ರಿ?”

“ಖರೆ. ಆದರ ಅದನ್ನ ದುಡಿಸಿಕೊಂಡಾಕಿ ನಾನು.”

ನಾನು ರೈತರತ್ತ ನೋಡಿದೆ. “ಬರದುಬಿಡ್ರಿ ವಕೀಲ್ರ,” ಎಂದರು ಅವರು ಬೇಗ. ಬೇರೆ ಕಾಗದದ ಮೇಲೆ ಮೊದಲಿನಿಂದ ಬರೆದೆ, ಇಬ್ಬರ ಹೆಸರಿನಲ್ಲೂ. ಆಕೆ ಅಕ್ಷರಕ್ಕೊಮ್ಮೆ ಉಸಿರು ತೆಗೆದುಕೊಂಡು ದುಂಡಗೆ ಸಹಿ ಮಾಡಿದರು. ಗಂಡನದಕ್ಕಿಂತ ಆ ಸಹಿಯೇ ದೊಡ್ಡದಾಗಿತ್ತು.

ಸಂಗ್ರಹಾಲಯ ತೆರೆದ ಕೆಲವು ದಿನಗಳ ಮೇಲೆ, ಕುಂದಗೋಳದ ಸಂತೆ ಮುಗಿಸಿ ಆಕೆ ಒಬ್ಬರೇ ಅಲ್ಲಿಗೆ ಬಂದರು. ಸಂಘದ ಕಾಗದಪತ್ರ ನೋಡುತ್ತ ನಾನೂ ಮಾಸ್ತರರೂ ಕೂತಿದ್ದೆವು. ಕಾಯಿಪಲ್ಲೆ ಚೀಲವನ್ನು ಹೊಸ್ತಿಲಲ್ಲಿಟ್ಟು ಒಳಗೆ ಬಂದ ಆಕೆ, ಕಿಟಕಿಯ ಬೆಳಕಿನಲ್ಲಿ ನೆಟ್ಟಗೆ ನಿಂತ ಕಲ್ಲಿನ ಮುಂದೆ ನಿಂತರು. ಮನೆಯಲ್ಲಿ ಮಗುಚಿದಾಗ ಅದಕ್ಕೆ ಕೆಸರು ಮೆತ್ತಿತ್ತು. ಮುಖ ಸರಿಯಾಗಿ ಕಂಡಿದ್ದು ಈಗಲೇ ಇರಬೇಕು. ಮಾಸ್ತರರು ಉತ್ಸಾಹದಿಂದ ಎದ್ದು ಆ ಕಾಲದ ರಾಜರ ವಿಷಯ ತೆಗೆದರು.

“ಒಂದೀಟ ಸುಮ್ಮನಿರ್ರಿ ಮಾಸ್ತರ,” ಎಂದರು ಆಕೆ ಮೆಲ್ಲಗೆ. ಯೋಧನ ಗಲ್ಲದ ಹತ್ತಿರ ಬೆರಳು ಒಯ್ದರು. “ಮೀಸಿನೂ ಬಂದಿಲ್ಲಲ್ಲರಿ ಇವಂಗ. ಇನ್ನೂ ಹುಡುಗ.”

ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ನಾನೂ ಎದ್ದು ಹೋಗಿ ನೋಡಿದೆ. ಹೌದು, ಹುಡುಗನೇ. ದಾನಪತ್ರದಲ್ಲಿ ಕಲ್ಲಿನ ಉದ್ದ, ಅಗಲ, ಬಣ್ಣ ಎಲ್ಲ ಬರೆದಿದ್ದ ನಾನು ಅವನ ಮುಖವನ್ನೇ ನೋಡಿರಲಿಲ್ಲ.

ಆಕೆ ಸೆರಗಿನಿಂದ ಅವನ ಕೆನ್ನೆಯ ಧೂಳು ಒರೆಸಿದರು. ವಸ್ತುಗಳನ್ನು ಮುಟ್ಟಬಾರದೆಂಬ ನಿಯಮ ಬರೆದವನು ನಾನು, ಗೋಡೆಗೆ ಅಂಟಿಸಿದವರು ಮಾಸ್ತರರು; ಇಬ್ಬರೂ ಪಕ್ಕಕ್ಕೆ ಸರಿದು ಆಕೆಗೆ ಜಾಗ ಬಿಟ್ಟೆವು. ಆಮೇಲೆ ಆಕೆ ಚೀಲ ಎತ್ತಿಕೊಂಡು, “ಬರ್ತೀನ್ರಿ, ಯರಗುಪ್ಪಿ ಬಸ್ಸಿನ ಹೊತ್ತಾತು,” ಎಂದು ಹೊರಟರು.