ದುಂಡು ಕನ್ನಡಿಯ ಕಂಪೌಂಡರ್ ಸಾಹೇಬರು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಎಲೆಯಡಿಕೆ-ಹೊಗೆಸೊಪ್ಪಿನ ಕವಳ ಹಾಕುವವರನ್ನು ಎಣಿಸುವುದಕ್ಕಿಂತ ಹಾಕದವರನ್ನು ಎಣಿಸುವುದು ಸುಲಭ. ಅಂಥ ಸೀಮೆಯಲ್ಲಿ ಮೂವತ್ತೊಂದು ವರ್ಷ ಸರಕಾರಿ ದವಾಖಾನೆಗಳ ಕಂಪೌಂಡರರಾಗಿ ದುಡಿದು, ಈ ೧೯೩೮ನೆಯ ಇಸವಿಯಲ್ಲಿ ನಿವೃತ್ತರಾಗಿರುವ ಶ್ರೀಯುತ ಬದ್ರುದ್ದೀನ್ ಸಾಹೇಬರು ವೈದ್ಯಕೀಯ ಪದವಿ ಪಡೆದವರಲ್ಲ. ಆದರೂ ಹಳಬರು ಏಡಿಹುಣ್ಣೆಂದೂ ಡಾಕ್ಟರರು ಕ್ಯಾನ್ಸರ್ ಎಂದೂ ಕರೆಯುವ ಆ ಕೆಟ್ಟ ರೋಗವನ್ನು ಮೊಳಕೆಯಲ್ಲೇ ಗುರುತಿಸುವ ಕಣ್ಣು ಅವರಿಗಿದ್ದಷ್ಟು ಈ ಕಡೆ ಇನ್ನೊಬ್ಬರಿಗಿರಲಿಲ್ಲವೆಂಬುದನ್ನು ಅವರ ಕೈಕೆಳಗೆ ಕಲಿತವರೆಲ್ಲರೂ ಒಪ್ಪುತ್ತಾರೆ.

ಅವರ ಪದ್ಧತಿಯೋ, ಸ್ವಲ್ಪ ವಿಚಿತ್ರವೇ. ಜ್ವರವಿರಲಿ, ಕಜ್ಜಿಯಿರಲಿ, ಔಷಧಕ್ಕೆ ಬಂದವರೆಲ್ಲ ಮೊದಲು ಬಾಯಿ ತೆಗೆಯಬೇಕು. ಸಾಹೇಬರು ಅಂಗಿಯ ಕಿಸೆಯಿಂದ ಅಂಗೈಯಗಲದ ದುಂಡು ಕನ್ನಡಿ ತೆಗೆದು, ಕಿಟಕಿಯ ಬಿಸಿಲನ್ನು ಬಾಯೊಳಕ್ಕೆ ಹಾಯಿಸಿ, ಎಡಗೆನ್ನೆ, ಬಲಗೆನ್ನೆ, ನಾಲಗೆಯಡಿ ಎಲ್ಲ ನೋಡುವರು. ಕಾಲಿಗೆ ಮುಳ್ಳು ಚುಚ್ಚಿಕೊಂಡು ಬಂದ ಎಕ್ಕಂಬಿಯ ಮಧುಕೇಶ್ವರ, ಮುಳ್ಳು ಬಾಯಿಯ ತನಕ ಹತ್ತಿತೇನೋ ನೋಡಿ ಸಾಹೇಬ್ರೆ ಎಂದು ಕಿಚಾಯಿಸಿದನಂತೆ. ಸಾಹೇಬರು ನಕ್ಕು, ಬಾಯಿ ನೋಡಿ, ಆಮೇಲೆಯೇ ಮುಳ್ಳು ತೆಗೆದರು.

ಈ ಹಟದ ಬೇರು ಯಲ್ಲಾಪುರದಲ್ಲಿದೆ. ೧೯೦೭ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದಾಗ ಅವರ ಜೀವದ ಗೆಳೆಯ ಹಯಾತ್ ಎಂಬ ಗಾಡಿ ಹೊಡೆಯುವವನಿಗೆ ಕೆನ್ನೆಯೊಳಗೆ ಹುಣ್ಣಾಯಿತು. ಹುಣ್ಣು ಚುರುಗುಟ್ಟಿದರೆ ಅದರ ಮೇಲೆಯೇ ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವುದು ನಮ್ಮವರ ಮನೆಮದ್ದು; ಜಾಗ ಜೋಮು ಹಿಡಿಯುತ್ತದೆ, ಗುಣವಾಯಿತೆಂದು ನಂಬುತ್ತಾರೆ. ಹಯಾತನೂ ಹಾಗೇ ಮಾಡಿದ. ಸಾಹೇಬರು ನಾಲ್ಕು ತಿಂಗಳು ಗ್ಲಿಸರಿನ್ ಕೊಟ್ಟರೇ ವಿನಾ ಬೆಳಕು ಹಿಡಿದು ನೋಡಲಿಲ್ಲ. ಡಾಕ್ಟರರ ಮುಂದೆ ಕೂರಿಸುವ ಹೊತ್ತಿಗೆ ಕೈಮೀರಿತ್ತು. ವಾಸನೆಗೆ ಹೆದರಿ ಉಳಿದವರು ದೂರವಾದಾಗ ಸಾಹೇಬರು ದಿನಾ ಹೋಗಿ ಅವನ ಪಕ್ಕ ಕೂತರು, ಕೊನೆಯ ತನಕ. "ಅವನಿಗೆ ಗೊತ್ತಿರಲಿಲ್ಲ, ನಾನು ನೋಡಬೇಕಿತ್ತು" ಎಂದು ಇಂದಿಗೂ ಅನ್ನುತ್ತಾರೆ. ಮುಂದೆ ಸಿದ್ದಾಪುರಕ್ಕೆ ವರ್ಗವಾದಾಗ ಸಂತೆಯಲ್ಲಿ ಕೊಂಡದ್ದೇ ಆ ಕನ್ನಡಿ. ತಮ್ಮ ಹೊಗೆಸೊಪ್ಪಿನ ಚಟವನ್ನೂ ಆಗಲೇ ಬಿಟ್ಟರು.

ಶಿರಸಿಗೆ ಬಂದ ಮೇಲಿನ ಮಾತು ಹೇಳದಿದ್ದರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ. ೧೯೩೧ರಲ್ಲಿ ಕಾನಸೂರಿನ ವಿಘ್ನೇಶ್ವರ ಹೆಗಡೆಯವರ ಪತ್ನಿ ದೇವಕ್ಕ ಮೊಮ್ಮಗುವಿನ ಕೆಮ್ಮಿಗೆ ಔಷಧ ಒಯ್ಯಲು ಬಂದರು. ಪರಪುರುಷನ ಮುಂದೆ ಬಾಯಿ ತೆಗೆಯುವುದೆಂದರೇನು! ಎರಡು ಸಲ ಸೆರಗು ಮುಚ್ಚಿಕೊಂಡು ಹೋದರು. ಮೂರನೆಯ ಸಲ ಸಾಹೇಬರು ಹಯಾತನ ಕತೆ ಹೇಳಿದರು. ಆಕೆ ಸುಮ್ಮನೆ ಬೆಳಕಿಗೆ ತಿರುಗಿ ಕೂತರು. ಎಡಗೆನ್ನೆಯಲ್ಲಿ, ಹೊಗೆಸೊಪ್ಪು ಇಡುವ ಜಾಗದಲ್ಲೇ, ತೊಗರಿಬೇಳೆಯಷ್ಟು ಗಟ್ಟಿ ಹುಣ್ಣು. ನೋವಿರಲಿಲ್ಲ. ಸಾಹೇಬರು ಆಕೆಯನ್ನು ಆಗಲೇ ಡಾಕ್ಟರರ ಬಳಿ ಕರೆದೊಯ್ದರು. ಡಾಕ್ಟರರು ನೋಡಿ, ಮುಂಬಯಿಯಲ್ಲಿ ರೇಡಿಯಂ ಸೂಜಿಯ ಚಿಕಿತ್ಸೆಯಿದೆ, ತಡಮಾಡಬೇಡಿ ಎಂದರು.

ಹೆಗಡೆಯವರಿಗೆ ಹಿಂದೂಸ್ಥಾನಿ ಬಾರದು, ರೈಲು ಹತ್ತಿ ಗೊತ್ತಿಲ್ಲ. ಸಾಹೇಬರು ರಜೆ ಹಾಕಿ ಜೊತೆಗೆ ಹೋದರು. ಅಲ್ಲಿ ಹದಿನಾರು ದಿನ ಹೆಗಡೆಯವರೇ ಹೆಂಡತಿಯ ಬಾಯಿ ತೊಳೆಸಿ ಗಂಜಿ ಕುಡಿಸಿದರು. ಡಾಕ್ಟರರ ಮಾತನ್ನು ತಿಳಿಯುವಂತೆ ಹೇಳಿ, ಧೈರ್ಯ ತುಂಬುವ ಕೆಲಸ ಸಾಹೇಬರದು. ಹುಣ್ಣು ಕರಗಿತು.

ಆದರೆ ಗುಣವಾದವರಿಗೆ ಮನೆಯಲ್ಲಿ ಬೇರೆಯೇ ಪಾಡು ಕಾದಿತ್ತು. ತಿಂಗಳು ಕಳೆದು ಸಾಹೇಬರು ನೋಡಿಬರಲು ಕಾನಸೂರಿಗೆ ಹೋದಾಗ, ರೂಢಿಯಂತೆ ಅವರಿಗೆ ಹೊರಜಗಲಿಯಲ್ಲಿ ಎಲೆ ಹಾಕಿದರು. ಜಗಲಿಯ ಆಚೆ ತುದಿಯಲ್ಲಿ ಇನ್ನೊಂದು ಎಲೆ. ಅದು ದೇವಕ್ಕನದು. ರೋಗ ಮಗುವಿಗೆ ಅಂಟೀತೆಂದು ಸೊಸೆ ಪರಿಮಳಾ ಹೆದರಿದ್ದಳು; ಮನೆಯವರು ಯಾರೂ ಎದುರಾಡಿರಲಿಲ್ಲ. ದೇವಕ್ಕ ತಲೆ ತಗ್ಗಿಸಿ ಅನ್ನ ಕೆದಕುತ್ತಿದ್ದರು. ಅಯ್ಯೋ, ಸಾಯುವ ರೋಗ ಗೆದ್ದು ಬಂದ ಹೆಂಗಸು! ಸಾಹೇಬರು ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಳಿಸಿದರು.

"ಇದು ಅಂಟುರೋಗ ಅಲ್ಲ ತಾಯಿ," ಎಂದರು ಸೊಸೆಗೆ. "ಅಂಟುವ ಹಾಗಿದ್ರೆ ಹದಿನಾರು ದಿನ ಬಾಯಿ ತೊಳೆಸಿದ ಹೆಗಡೇರಿಗೆ ಅಂಟಬೇಕಿತ್ತು." ಆಮೇಲೆ ಹೆಗಡೆಯವರ ಕಡೆ ತಿರುಗಿದರು. "ನನಗೆ ಹೊರಗೆ ಬಡಿಸಿದ್ದಕ್ಕೆ ಬೇಜಾರಿಲ್ಲ, ನಾನು ಉಂಡು ಹೋಗುವವ. ಅವರು ಎಲ್ಲಿಗೆ ಹೋಗ್ತಾರೆ?"

ಹೆಗಡೆಯವರು ಬಗ್ಗಿ ಹೆಂಡತಿಯ ಎಲೆಯನ್ನು ಅನ್ನದ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ನಡೆದರು. ಪರಿಮಳಾ ಅಳುತ್ತ ಅತ್ತೆಯ ಕೈಹಿಡಿದು ಏಳಿಸಿದಳು. ಸಾಹೇಬರು ಜಗಲಿಯಲ್ಲಿ ಒಬ್ಬರೇ ಕೂತು ಊಟ ಮುಗಿಸಿದರು.

ಅಂದಿನಿಂದ ದೇವಕ್ಕ ವರ್ಷಕ್ಕೊಮ್ಮೆ ದವಾಖಾನೆಗೆ ಬಂದು ತಾವಾಗಿಯೇ ಬಾಯಿ ತೋರಿಸುತ್ತಾರೆ. ಊರ ಹೆಂಗಸರನ್ನೂ ಕರೆತರುತ್ತಾರೆ. ಕಳೆದ ವಾರ, ಸಾಹೇಬರ ನೌಕರಿಯ ಕೊನೆಯ ದಿನವೂ ಬಂದರು. ನೋಡಿ ಮುಗಿಸಿ ಸಾಹೇಬರು ಕನ್ನಡಿಯನ್ನು ಕಿಸೆಗೆ ಹಾಕಹೊರಟಾಗ ಆಕೆ ಕೈಚಾಚಿದರು.

"ಎಲ್ಲರ ಬಾಯಿ ನೋಡಿದ್ರಿ ಸಾಹೇಬ್ರೆ. ನಿಮ್ಮದು ಯಾರು ನೋಡಿದ್ರು?"

ಸಾಹೇಬರು ಕನ್ನಡಿ ಕೊಟ್ಟು, ರೋಗಿಗಳ ಬೆಂಚಿನ ಮೇಲೆ ಕೂತು, ಬಾಯಿ ತೆಗೆದರು. ದೇವಕ್ಕ ಬಿಸಿಲು ಹಾಯಿಸಿ ಎಡಗೆನ್ನೆ, ಬಲಗೆನ್ನೆ, ನಾಲಗೆಯಡಿ ನಿಧಾನವಾಗಿ ನೋಡಿದರು. "ಎಂತದೂ ಇಲ್ಲೆ" ಎಂದರು. ಸಾಹೇಬರ ಕಣ್ಣು ತುಂಬಿತು.

ಆ ಕಣ್ಣಿನ ಬೆಳಕು ನೂರು ವರ್ಷ ಮಾಸದಿರಲಿ. ಸಂತೆಯ ದಿನ ಮನೆಯ ಕಟ್ಟೆಯ ಮೇಲೆ ಕೂತು ಬಾಯಿ ನೋಡುವ ಕೆಲಸ ಬಿಡುವುದಿಲ್ಲವೆಂದು ಸಾಹೇಬರು ಹೇಳಿದ್ದಾರೆ. ಅದು ನಮ್ಮೆಲ್ಲರ ಭಾಗ್ಯ. ತಮ್ಮ ಬಾಯಿ ತೋರಿಸಲು ಮಾತ್ರ ಅವರು ವರ್ಷಕ್ಕೊಮ್ಮೆ ಕಾನಸೂರಿಗೆ ಹೋಗತಕ್ಕದ್ದು, ಅದು ದೇವಕ್ಕನ ಕಟ್ಟಪ್ಪಣೆ. ಹೋದಾಗ ಊಟಕ್ಕೆ ನಿಲ್ಲಬೇಕೆಂದೂ, ಎಲೆ ಒಳಗೆ ನಡುಮನೆಯಲ್ಲೇ ಹಾಕುವುದೆಂದೂ ಹೆಗಡೆಯವರು ಹೇಳಿ ಕಳಿಸಿದ್ದಾರೆ.