ಕೊನೆಯ ಐದು ಗಿಲಕಿ

ಚನ್ನಪಟ್ಟಣದ ಗೊಂಬೆಗಳನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿ ನನ್ನದು. ಮಕ್ಕಳ ಗಿಲಕಿ ಮಾಡಿಕೊಡುವವರು ಹಿಂದಿನ ಬೀದಿಯ ಚಾಚಾ. ಆಯುಷ್ಯವೆಲ್ಲ ಮರ ಕಡೆಯುವ ಲೇತ್ ಮುಂದೆಯೇ ಕಳೆದವರು. ಅವರ ಮಾಲು ಒಂದೂ ವಾಪಸ್ ಬಂದದ್ದಿಲ್ಲ.

ಕಳೆದ ವರ್ಷ ಅಂಗಡಿಗೆ ವೆಬ್ ಪುಶ್ ನೋಟಿಫಿಕೇಶನ್ ಹಾಕಿದೆ. ಸೈಟಿಗೆ ಬಂದವರು ಒಮ್ಮೆ 'ಅನುಮತಿಸಿ' ಒತ್ತಿದರೆ ಸಾಕು, ಆಮೇಲೆ ಅವರು ಸೈಟ್ ತೆರೆಯದಿದ್ದರೂ ನಮ್ಮ ಸಂದೇಶ ಫೋನಿನ ಮೇಲೆ ಬಂದು ಕೂರುತ್ತದೆ. ವಿಡಿಯೊ ನೋಡಿಕೊಂಡು, ಒಂದು ಫೈಲನ್ನು ತಪ್ಪು ಫೋಲ್ಡರಿನಲ್ಲಿಟ್ಟು ಎರಡು ದಿನ ಒದ್ದಾಡಿ, ಅಂತೂ ಸರಿಮಾಡಿದೆ. ಬೇರೆಯವರ ಫೋನಿಗೂ ಬರುತ್ತದೋ ನೋಡೋಣವೆಂದು, ಮಾಲು ಕೊಡಲು ಬಂದಿದ್ದ ಚಾಚಾನ ಫೋನ್ ಇಸಕೊಂಡು ನಾನೇ 'ಅನುಮತಿಸಿ' ಒತ್ತಿದೆ. ಬಂತು. ಆಮೇಲೆ ಆ ಅನುಮತಿ ತೆಗೆಯಲು ಮರೆತೆ.

ಸಂದೇಶ ಬರೆಯುವುದರಲ್ಲಿ ನಾನು ಮಹಾ ಜಾಣೆ ಎಂದುಕೊಂಡಿದ್ದೆ. "ಗಿಲಕಿ ಕೊನೆಯ ಐದು ಮಾತ್ರ! ಬೇಗ ಕೊಳ್ಳಿ!" ಎಂದು ಬರೆದು ಎಲ್ಲರಿಗೂ ಕಳಿಸಿದೆ. ಮಂಚದ ಕೆಳಗೆ ಎರಡು ಡಬ್ಬದ ತುಂಬ ಗಿಲಕಿ ಇದ್ದವು. ಅಂಗಡಿಯವರೆಲ್ಲ ಹೀಗೇ ಬರೆಯುತ್ತಾರೆ, ಇದನ್ನೂ ಸುಳ್ಳು ಅನ್ನುತ್ತಾರೆಯೇ ಎಂದು ನನ್ನ ಪರವಾಗಿ ನಾನೇ ವಕೀಲಿ ಮಾಡಿಕೊಂಡೆ.

ಮೂರನೇ ದಿನ ಚಾಚಾ ಚೀಲ ಹೊತ್ತು ಬಂದರು. ಒಂದು ಬೆರಳಿಗೆ ಬಟ್ಟೆ ಸುತ್ತಿತ್ತು.

"ಫೋನಲ್ಲಿ ನೋಡ್ದೆ ಬೇಟಿ, ಐದೇ ಉಳ್ದೈತೆ ಅಂತ. ಬೇರೆ ಕೆಲ್ಸ ಎಲ್ಲಾ ಬುಟ್ಟು ಇದ್ನೇ ಮಾಡ್ದೆ. ತಗೋ, ಮೂವತ್ತೈತೆ. ಗಿರಾಕಿ ಬರಿಗೈಲಿ ಹೋಗ್ಬಾರ್ದು."

ಆಗಲೇ ಹೇಳಬೇಕಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಡಬ್ಬಗಳು ಕಾಣಿಸದಿರಲಿ ಎಂದು ಮಂಚದ ಹೊದಿಕೆಯನ್ನು ಮೆಲ್ಲಗೆ ಕೆಳಗೆ ಎಳೆದೆ. ಅದನ್ನು ನೆನೆದರೆ ಈಗಲೂ ಮುಖ ಸುಡುತ್ತದೆ. ಆ ವಾರ ಬಂದ ಆರ್ಡರುಗಳಿಗೆ ಕೈಗೆ ಸಿಕ್ಕ ಆ ಚೀಲದಿಂದಲೇ ಕಳಿಸಿದೆ.

ಗೊಂಬೆ ಮಾಡುವ ಹಾಲೆ ಮರವನ್ನು ಕಡಿದ ಮೇಲೆ ತಿಂಗಳುಗಟ್ಟಲೆ ಒಣಗಿಸಿಯೇ ಲೇತಿಗೆ ಹಾಕಬೇಕು. ಚಾಚಾ ಬಳಿ ಒಣಗಿದ್ದು ಮುಗಿದಿತ್ತಂತೆ. ಅವಸರಕ್ಕೆ ಅರೆಹಸಿ ಮರ ಹಾಕಿದ್ದರು. ಸ್ವಲ್ಪ ದಿನಕ್ಕೇ ಕೊಂಡವರಿಂದ ಫೋಟೊಗಳು ಬರತೊಡಗಿದವು. ಅರಗಿನ ಬಣ್ಣದ ನಡುವೆ ಉದ್ದಕ್ಕೂ ಸೀಳು.

ನಿಜ ಹೇಳಿಬಿಡಬೇಕೆಂದು ದಾರಿಯಲ್ಲಿ ಮಾತು ಜೋಡಿಸಿಕೊಂಡೇ ಅವರ ಮನೆಗೆ ಹೋದೆ. ಚಾಚಾ ಲೇತ್ ನಿಲ್ಲಿಸಿ, ಫೋಟೊ ದೊಡ್ಡದು ಮಾಡಿ ನೋಡಿದರು.

"ಹಸಿ ಐತೆ ಅಂತ ಗೊತ್ತಿದ್ದೂ ಹಾಕ್ಬುಟ್ಟೆ. ನಿನ್ನ ಅಂಗ್ಡಿ ಮರ್ಯಾದೆ ತೆಗ್ದೆ. ಮಾಫ್ ಮಾಡು ಬೇಟಿ."

ನಾನು ಬಾಯಿ ತೆರೆದೆ. "ಇರ್ಲಿ ಬಿಡಿ ಚಾಚಾ" ಎಂದೆ. ಅಷ್ಟೇ ಬಂತು. ಅವರನ್ನು ಕ್ಷಮಿಸಿಬಿಟ್ಟೆ ನಾನು!

"ಹಂಗಲ್ಲ. ಫೋನಿಗೆ ಕಳಿಸ್ತೀಯಲ್ಲ, ಹಂಗೇ ಎಲ್ರುಗೂ ಕಳ್ಸು. ತಪ್ಪು ಮಾಡ್ದೋನು ಗಿಲಕಿ ಮಾಡೋನು, ಅಂಗ್ಡಿಯೋರಲ್ಲ, ಬೇರೆ ಮಾಡ್ಕೊಡ್ತಾನೆ ಅಂತ ಬರಿ."

ಅವರೆದುರಿಗೇ ಕೂತು, ಅವರು ಹೇಳಿದ್ದನ್ನೇ ಬರೆದು ಕಳಿಸಿದೆ. ಅದು ಅವರ ಫೋನಿಗೂ ಬಂತು. ಚಾಚಾ ಕನ್ನಡಕ ಹಾಕಿಕೊಂಡು ನಿಧಾನವಾಗಿ ಪೂರ್ತಿ ಓದಿ, "ಸರ್ಯಾಗ್ ಬರ್ದಿದ್ದೀಯ" ಎಂದರು.